ತೋಳಿನ ಎರಡನೇ ಉತ್ತರ

ವೆಲ್ಡಿಂಗ್ ತೋಳು ನನ್ನ ಭಾವನ ಎದೆಗೆ ಬಡಿದದ್ದನ್ನು ನಾನು ಕಣ್ಣಾರೆ ಕಂಡೆ. ತೋಳು ಅಂದರೆ ಯಂತ್ರದ್ದು: ಒಂದು ಭುಜ, ಒಂದು ಮೊಣಕೈ, ತುದಿಯಲ್ಲಿ ಕಿಡಿ ಕಾರುವ ಮೂತಿ. ಬಸ್ಸಿನ ಸೀಟುಗಳ ಕಬ್ಬಿಣದ ಚೌಕಟ್ಟು ಬೆಸೆಯುವುದು ಅದರ ಕೆಲಸ, ಮೂತಿಗೆ ಮೆತ್ತಿದ ಕಿಟ್ಟ ಕೆರೆಯುವುದು ಭಾವನ ಕೆಲಸ. ಮೊಣಕೈ ಯಾವಾಗಲೂ ಬಲಕ್ಕೇ ಮಡಚುತ್ತಿತ್ತು, ಹಾಗಾಗಿ ಭಾವ ವರ್ಷಗಟ್ಟಲೆ ಎಡಗಡೆ ನಿಂತಿದ್ದರು. ಅವತ್ತು ಅದು ಎಡಕ್ಕೆ ಬಂತು. ಬೆನ್ನ ಹಿಂದಿನ ಕಂಬಕ್ಕೂ ತೋಳಿನ ಕಬ್ಬಿಣಕ್ಕೂ ನಡುವೆ ಅವರ ಪಕ್ಕೆಲುಬು ಮುರಿದ ಸದ್ದು ಇಡೀ ಶೆಡ್ಡಿಗೆ ಕೇಳಿಸಿತು. ನಾನು ಓಡಿಹೋಗಿ ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಒತ್ತುವಷ್ಟರಲ್ಲಿ ಬಾಯಿಂದ ರಕ್ತ ಬುಳಬುಳನೆ ಬರುತ್ತಿತ್ತು. ಬೆಸುಗೆ ಮಾತ್ರ ಬೀಳಬೇಕಾದ ಕಡೆಯೇ ಬಿದ್ದಿತ್ತು, ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ.

ಆ ತೋಳಿಗೆ ದಾರಿ ಲೆಕ್ಕ ಹಾಕಿಕೊಡುವವಳು ನಾನು. ದೊಡ್ಡ ವಿದ್ಯೆ ಏನಲ್ಲ. ಭುಜ ಇಲ್ಲಿದೆ, ಮೂತಿ ಅಲ್ಲಿಗೆ ಹೋಗಬೇಕು, ಹಾಗಾದರೆ ಮೊಣಕೈ ಎಷ್ಟು ಬಾಗಬೇಕು? ಅದಕ್ಕೊಂದು ಸಮೀಕರಣ ಇದೆ, ಬಿಡಿಸಿದರೆ ಕೊನೆಗೆ ಕಾಸ್ ಥೀಟಾ ಇಷ್ಟು ಅಂತ ಬರುತ್ತದೆ. ಅರ್ಧ ಬಂತು ಅನ್ನಿ. ಥೀಟಾ ಅರವತ್ತು ಡಿಗ್ರಿ. ಮೈನಸ್ ಅರವತ್ತೂ ಹೌದು. ಒಂದರಲ್ಲಿ ಮೊಣಕೈ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ಮನುಷ್ಯರ ಮೊಣಕೈ ಒಂದೇ ಕಡೆ ಮಡಚುತ್ತದೆ, ದೇವರು ದೊಡ್ಡವನು. ಯಂತ್ರದ್ದು ಎರಡೂ ಕಡೆ ಮಡಚುತ್ತದೆ. ಎರಡರಲ್ಲಿ ಯಾವ ಉತ್ತರವನ್ನು ಹಾಕಿ ನೋಡಿದರೂ ತಾಳೆಯಾಗುತ್ತದೆ, ಮೂತಿ ಅದೇ ಜಾಗಕ್ಕೆ ಹೋಗುತ್ತದೆ. ಕ್ಯಾಲ್ಕುಲೇಟರ್ ಮಾತ್ರ ಮೈನಸ್ ಇಲ್ಲದ್ದನ್ನು ಹೇಳಿ ಸುಮ್ಮನಾಗುತ್ತದೆ. ಇನ್ನೊಂದು ಇದೆ ಅನ್ನುವುದನ್ನು ನೆನಪಿಡಲಿ ಅಂತಲೇ ನನ್ನಂಥವರನ್ನು ಇಟ್ಟುಕೊಳ್ಳುವುದು.

ಗಿಡ್ಡ ಸೀಟಿನ ಲೆಕ್ಕ ನನ್ನದು, ಮೊಣಕೈ ಬಲಕ್ಕೆ ಮಡಚಲಿ ಅಂತ ಮೈನಸ್ ಉತ್ತರವನ್ನೇ ಹಾಕಿದ್ದೆ. ಉದ್ದ ಸೀಟು ಹೊಸದಾಗಿ ಬಂದದ್ದು. ಅದರ ಲೆಕ್ಕವನ್ನು ಮ್ಯಾನೇಜರ್ ತನ್ನ ಅಳಿಯನಿಗೆ ಕೊಟ್ಟ. ಅಳಿಯ ಕ್ಯಾಲ್ಕುಲೇಟರ್ ಒತ್ತಿದ, ಬಂದದ್ದನ್ನು ಬರೆದ, ಟೀ ಕುಡಿಯಲು ಹೋದ. ಮೊದಲ ಉದ್ದ ಸೀಟು ಬಂದಾಗ ಬಲಕ್ಕೆ ಮಡಚಿದ್ದ ತೋಳು ನೆಟ್ಟಗಾಗಿ, ಅದೇ ರಭಸದಲ್ಲಿ ಎಡಕ್ಕೆ ಮಡಚಿಕೊಂಡಿತು. ಅಲ್ಲಿ ಭಾವ ಇದ್ದರು.

ಮಾರನೆಯ ದಿನ ಬೆಳಿಗ್ಗೆ ಹೋದರೆ ನೆಲ ತೊಳೆದು ಥಳಥಳ ಮಾಡಿದ್ದರು. ಮ್ಯಾನೇಜರ್ ಎಲ್ಲರನ್ನೂ ಸೇರಿಸಿ, ಸತ್ತವನು ಮೈಮರೆತು ಬೋನಿನೊಳಗೆ ಹೋದದ್ದೇ ಕಾರಣ ಅಂತ ಭಾಷಣ ಬಿಗಿದ. ತೋಳಿನ ಸುತ್ತ ಇರುವ ಆ ಕಬ್ಬಿಣದ ಬೋನಿನ ಬಾಗಿಲು ತೆಗೆದರೆ ಯಂತ್ರ ತಾನಾಗಿ ನಿಲ್ಲಬೇಕು. ನಿಂತರೆ ಕೆಲಸ ಹಾಳು ಅಂತ ಆ ವ್ಯವಸ್ಥೆ ಕೀಳಿಸಿದವನು ಇದೇ ಮಹಾನುಭಾವ. ಭಾವನ ಜಾಗಕ್ಕೆ ಗುಂಡ ಅನ್ನುವ ಹೆಲ್ಪರ್ ಹುಡುಗನನ್ನು ಹಾಕಿದ್ದ. ಇವತ್ತೂ ಉದ್ದ ಸೀಟು ಬರುವುದಿತ್ತು. ಗುಂಡ ಹೋಗಿ ಎಡಗಡೆ ನಿಲ್ಲುತ್ತಾನೆ, ಸಾಯುತ್ತಾನೆ. ನಾನು ಮ್ಯಾನೇಜರ್ ಎದುರು ಹೋಗಿ ನಿಂತೆ.

"ಸಾರ್, ಉದ್ದ ಸೀಟಿಗೆ ತಪ್ಪು ಉತ್ತರ ಆರಿಸಿದ್ದಾರೆ. ಮೊಣಕೈ ಎಡಕ್ಕೆ ಬರುತ್ತೆ" ಅಂದೆ.

"ಬೆಸುಗೆ ಸರಿಯಾಗಿ ಬಿದ್ದಿದೆ ತಾನೇ? ಲೆಕ್ಕ ತಪ್ಪಿದ್ರೆ ಹೇಗಮ್ಮ ಬೀಳುತ್ತೆ?"

"ಎರಡು ಉತ್ತರ ಇರುತ್ತೆ ಸಾರ್. ಎರಡೂ ಸರೀನೇ. ಒಂದು ಜನರನ್ನ ಸಾಯಿಸುತ್ತೆ."

"ನಿಂಗೆ ದುಃಖ ಆಗಿದೆ. ಮನೆಗೆ ಹೋಗಿ ಮಲಕ್ಕೋ ಹೋಗು."

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಅಮ್ಮ ಬೈಯುತ್ತಿದ್ದಳು. "ಹಾಗಿದ್ರೆ ನೀವೇ ಅಲ್ಲಿ ನಿಂತ್ಕೊಳ್ಳಿ ಸಾರ್. ಒಂದೇ ಒಂದು ಉದ್ದ ಸೀಟು ಬರ್ಲಿ" ಅಂದುಬಿಟ್ಟೆ.

ಕೆಲಸದವರೆಲ್ಲ ತಿರುಗಿ ನೋಡಿದರು. ಹಿಂದಿನಿಂದ ಯಾರೋ, "ನಿಂತ್ಕೊಳ್ಳಿ ಸಾರ್, ಅಳಿಯಂದಿರ ಲೆಕ್ಕ ತಾನೇ" ಅಂದರು. ನಗು ಎದ್ದಿತು. ಮ್ಯಾನೇಜರ್ ಅಳಿಯನ ಮುಖ ನೋಡಿದ. "ಮೂರು ಸಲ ತಾಳೆ ನೋಡಿದ್ದೀನಿ ಮಾವ" ಅಂದ ಅಳಿಯ. ಮ್ಯಾನೇಜರ್ ಕೋಟು ಬಿಚ್ಚಿ ಗುಂಡನ ಕೈಗೆ ಕೊಟ್ಟು ಬೋನಿನೊಳಗೆ ಹೋದ. ಭಾವ ನಿಂತ ಜಾಗದಲ್ಲೇ ಸೊಂಟದ ಮೇಲೆ ಕೈ ಇಟ್ಟು ನಿಂತ.

ನಾನು ಹೊರಗೆ ಕೆಂಪು ಗುಂಡಿಯ ಪಕ್ಕ ನಿಂತೆ. ಕೊಲ್ಲುವ ಯೋಚನೆ ನನಗಿರಲಿಲ್ಲ, ಇದು ಸತ್ಯ. ತೋಳು ನೆಟ್ಟಗಾದ ಕ್ಷಣದಲ್ಲೇ ಒತ್ತಿದರೆ ಅವನ ಎದೆಯ ಹತ್ತಿರ ಬಂದು ನಿಲ್ಲುತ್ತದೆ. ಪ್ಯಾಂಟು ಒದ್ದೆ ಮಾಡಿಕೊಂಡು ಬರಲಿ, ಆಮೇಲೆ ನನ್ನ ಮಾತು ಕೇಳುತ್ತಾನೆ ಅಂದುಕೊಂಡಿದ್ದೆ.

ಅಷ್ಟರಲ್ಲಿ ಭಾವನ ಹೆಂಡತಿ, ನನ್ನ ಅಕ್ಕ, ಬಂದು ಪಕ್ಕದಲ್ಲಿ ನಿಂತಳು. ಅವಳೂ ಇಲ್ಲಿಯವಳೇ, ಸೀಟಿನ ಕವರು ಹೊಲಿಯುತ್ತಾಳೆ. ಆಸ್ಪತ್ರೆಯಿಂದ ನೆಟ್ಟಗೆ ಬಂದಿದ್ದಳು, ಮೈಮೇಲೆ ನಿನ್ನೆಯದೇ ಬಟ್ಟೆ. ಬೋನಿನೊಳಗೆ ಯಾರಿದ್ದಾರೆ ಅಂತ ನೋಡಿದಳು. ಏನಾಗುತ್ತದೆ ಅಂತ ರಾತ್ರಿಯೇ ಅವಳಿಗೆ ಬಿಡಿಸಿ ಹೇಳಿದ್ದೆ.

ಅಳಿಯ ಯಂತ್ರ ಶುರು ಮಾಡಿದ. ಗಿಡ್ಡ ಸೀಟೊಂದು ಬಂತು, ತೋಳು ಬಲಕ್ಕೆ ಮಡಚಿ ಬೆಸೆಯಿತು. ಮ್ಯಾನೇಜರ್ ನಮ್ಮ ಕಡೆ ನೋಡಿ ಹಲ್ಲು ಕಿರಿದ. ಹಿಂದೆಯೇ ಉದ್ದ ಸೀಟು ಬಂತು. ಮೊಣಕೈ ಬಿಚ್ಚಿಕೊಳ್ಳತೊಡಗಿತು. ನಾನು ಕೈ ಚಾಚಿದೆ. ಅಕ್ಕ ನನ್ನ ಮುಂಗೈ ಹಿಡಿದಳು.

"ಬಿಡೇ!"

"ಸಾಯ್ಲಿ" ಅಂದಳು. ದಿನವಿಡೀ ದಪ್ಪ ರೆಕ್ಸಿನ್ ಎಳೆದು ಹೊಲಿಯುವ ಬೆರಳುಗಳು, ಬಿಡಿಸಲು ಆಗಲಿಲ್ಲ. ತೋಳು ನೆಟ್ಟಗಾಯಿತು. ನನಗೂ ಒಂದು ಗಳಿಗೆ ಸಾಯಲಿ ಅನ್ನಿಸಿತು, ಯಾಕೆ ಸುಳ್ಳು ಹೇಳಲಿ. ಆಮೇಲೆ ಎಡಗೈ ಮುಷ್ಟಿ ಕಟ್ಟಿ ಅಕ್ಕನ ಬಾಯಿಗೆ ಗುದ್ದಿದೆ. ಅವಳ ಹಿಡಿತ ಸಡಿಲಿತು, ಗುಂಡಿಗೆ ಬಡಿದೆ.

ಕಬ್ಬಿಣ ಅವನ ಎದೆಗೆ ತಾಗಿ, ಬೆನ್ನನ್ನು ಕಂಬಕ್ಕೆ ಒತ್ತಿ ನಿಂತಿತು. ಅವನು ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ಜಾರಿ ಹೊರಬಂದ. ಮುಖದಲ್ಲಿ ರಕ್ತವೇ ಇರಲಿಲ್ಲ. ರಕ್ತ ಅಕ್ಕನ ಮುಖದಲ್ಲಿತ್ತು. ಅವಳು ನೆಲದ ಮೇಲೆ ಕೂತು ಮುಂದಿನ ಹಲ್ಲೊಂದನ್ನು ಅಂಗೈಗೆ ಉಗುಳಿಕೊಂಡು ಅದನ್ನೇ ನೋಡುತ್ತಿದ್ದಳು.

ಮ್ಯಾನೇಜರ್ ನೀರು ಕುಡಿದ. ಉಸಿರು ಹತೋಟಿಗೆ ಬಂದ ಮೇಲೆ ಗಂಟಲು ಸರಿಮಾಡಿಕೊಂಡ.

"ನೋಡಿದ್ರಲ್ಲ? ಗುಂಡಿ ಒತ್ತಿದ ಕೂಡ್ಲೇ ನಿಲ್ಲುತ್ತೆ. ಏನೂ ಆಗ್ಲಿಲ್ಲ. ಒಬ್ರು ಗುಂಡಿ ಹತ್ರ ಇದ್ರೆ ಸಾಕು. ಗುಂಡ, ಹೋಗಿ ನಿಂತ್ಕೋ. ಟೈಮ್ ಆಯ್ತು."

ಈ ಮುಖಕ್ಕಾಗಿ ನಾನು ನನ್ನ ಅಕ್ಕನ ಹಲ್ಲು ಉದುರಿಸಿದ್ದೆ. ಗಂಡ ಸತ್ತು ಒಂದು ದಿನ ಕಳೆದಿರಲಿಲ್ಲ, ತಂಗಿಯ ಕೈಯಲ್ಲಿ ಗುದ್ದು ತಿಂದಿದ್ದಳು.

ಫಿಟ್ಟರ್‌ನ ಮೇಜಿನ ಮೇಲೆ ದೊಡ್ಡ ಸುತ್ತಿಗೆ ಬಿದ್ದಿತ್ತು. ಎತ್ತಿಕೊಂಡು ಬೋನಿನೊಳಗೆ ಹೋದೆ. ಎಲ್ಲಿ ಹೊಡೆಯಬೇಕು ಅಂತ ನನಗಿಂತ ಚೆನ್ನಾಗಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲ ಏಟಿಗೆ ಮೊಣಕೈಯ ಬಣ್ಣ ಹಾರಿತು, ಮುಂದಿನದಕ್ಕೆ ಮುಚ್ಚಳ ಸೀಳಿತು. ಇನ್ನೊಂದು ಕೊಟ್ಟಾಗ ಒಳಗಿನ ಹಲ್ಲುಚಕ್ರ ಪುಡಿಯಾಗಿ ಎಣ್ಣೆ ನನ್ನ ಮುಖಕ್ಕೆ ಚಿಮ್ಮಿತು. "ಹಿಡೀರೋ ಅವಳನ್ನ!" ಅಂತ ಮ್ಯಾನೇಜರ್ ಅರಚಿದ. ಅಳಿಯ ಪೊಲೀಸರಿಗೆ ಫೋನ್ ಮಾಡುತ್ತಿದ್ದ. ಗುಂಡ ಮ್ಯಾನೇಜರ್‌ನ ಕೋಟನ್ನು ನೆಲಕ್ಕೆ ಹಾಕಿ, ಬೋನಿನ ಬಾಗಿಲಿಗೆ ಅಡ್ಡ ನಿಂತುಕೊಂಡ.

ನನ್ನ ಕೈ ಸೋತು ಸುತ್ತಿಗೆ ಕೆಳಗಿಳಿಯಿತು. ಅಕ್ಕ ಎದ್ದು ಬಂದು ಕಂಬಿಗಳಿಗೆ ಒರಗಿ ನಿಂತಿದ್ದಳು, ತುಟಿ ಊದಿ ದಪ್ಪವಾಗಿತ್ತು.

"ಇನ್ನೊಂದು ಹಾಕೇ" ಅಂದಳು.

ಹಾಕಿದೆ.