ಹಿಟ್ಟಿನ ಗಿರಣಿಯ ಮೇಲಿನ ಕೋಣೆ

ಗೋಕಾಕದ ಬಸ್ಸಿನಲ್ಲಿ ರಾಜಮತಿ ಕಿಟಕಿಯ ಪಕ್ಕ ಕೂರಲಿಲ್ಲ. ಹೊರಗಿನಿಂದ ಯಾರಾದರೂ ಗುರುತು ಹಿಡಿದರೆ ಎಂಬ ಭಯ. ಬಸದಿಗೆ ಹೋಗಿ ಬರುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದಳು. ಮದುವೆಯಾಗಿ ಹದಿನಾರು ವರ್ಷಕ್ಕೆ ಗಂಡನಿಗೆ ಹೇಳಿದ ಮೊದಲ ಸುಳ್ಳು, ಅದೂ ದೇವರ ಹೆಸರಿನಲ್ಲಿ.

ಗಂಡ ದಾದಾಸಾಹೇಬನದು ಕಲ್ಲೋಳಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಹೊತ್ತು ಮುಳುಗುವ ಮುಂಚೆ ಉಂಡು ಮುಗಿಸುವ, ಉಳ್ಳಾಗಡ್ಡಿಯನ್ನೂ ಮುಟ್ಟದ ಜೈನ ಮನೆತನ. ಆ ಮನೆಯವನು ಕುಡಿಯತೊಡಗಿ ಆರು ವರ್ಷವಾಗಿತ್ತು. ಊರಿಗೆಲ್ಲ ಗೊತ್ತಿದ್ದರೂ ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ. ೧೯೯೮ರ ಮಳೆಗಾಲದಲ್ಲಿ ಅವನಿಗೆ ಕಾಮಣಿಯಾಗಿ ಕಣ್ಣು ಹಳದಿಗಟ್ಟಿತು. ಗೋಕಾಕದ ಡಾಕ್ಟರು ಅವಳನ್ನು ಒಬ್ಬಳನ್ನೇ ಕರೆದು, "ಹಿಂಗ ಕುಡದ್ರ ವರ್ಷ ತಗಿಯೂದು ಕಷ್ಟ ಐತ್ರಿ" ಎಂದರು. ಅದೇ ದವಾಖಾನೆಯ ಗೋಡೆಯ ಮೇಲೆ ಅಂಗೈಯಗಲದ ಒಂದು ಚೀಟಿ ಇತ್ತು. ಕುಡಿತ ಬಿಡಬೇಕೆನ್ನುವವರು ಪ್ರತಿ ರವಿವಾರ ಮಧ್ಯಾಹ್ನ ಮೂರಕ್ಕೆ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಸೇರುತ್ತಾರೆ ಎಂದು ಬರೆದಿತ್ತು. ಗಂಡನಿಗೆ ಹೇಳಿದಾಗ ಅವನು, "ನಾ ಏನ್ ಕುಡುಕೇನ?" ಎಂದು ಎದ್ದು ಹೋದ.

ಹಾಗಾದರೆ ಮೊದಲು ತಾನೇ ನೋಡಿ ಬರುವುದು ಎಂದುಕೊಂಡಳು.

ಗಿರಣಿಯ ಮುಂದೆ ಎರಡು ಸಲ ಹಾದುಹೋದಳು. ಮೂರನೆಯ ಸಲ ಸೆರಗು ಹೊದ್ದುಕೊಂಡು, ಹಿಟ್ಟು ಕೂತ ಮೆಟ್ಟಿಲು ಹತ್ತಿದಳು. ಒಳಗೆ ಆರು ಗಂಡಸರು. ತಿರುಗಿ ಇಳಿಯಬೇಕೆನ್ನುವಷ್ಟರಲ್ಲಿ ಅವರಲ್ಲಿ ಹಿರಿಯನೊಬ್ಬ ಎದ್ದು ಕುರ್ಚಿ ಸರಿಸಿದ. ಗಾದಿ ಹೊಲಿಯುವ ಗಫಾರ.

"ಬರ್ರಿ ಅಕ್ಕಾರ. ಯಾರ ಸಲುವಾಗಿ ಬಂದೀರಿ?"

"ನಮ್ಮ ಮಾಲಕರ ಸಲುವಾಗಿ."

"ಅವರು ಬರೂತನಕಾ ನೀವ ಬರ್ರಿ."

"ನಾ ಕುಡಿಯಾಂಗಿಲ್ಲಲ್ರಿ."

"ಕುಡಿಯವರ ಮನ್ಯಾಗ ಇದ್ದೀರಲ್ಲ. ಅದೂ ಒಂದ್ ಬ್ಯಾನೀನ. ಇಲ್ಲಿ ಕೇಳಿದ್ದು ಹೊರಗ ಹೋಗಾಂಗಿಲ್ಲ, ಹೆದರಬ್ಯಾಡ್ರಿ."

ಅವಳು ಬಾಗಿಲ ಹತ್ತಿರವೇ ಕೂತು ಕೇಳಿದಳು. ಹುಕ್ಕೇರಿಯಿಂದ ಬಂದ ಅಣ್ಣಾಸಾಹೇಬನೆಂಬವನು ಮಗಳ ನಿಶ್ಚಯದ ದಿನ ತಾನು ಚರಂಡಿಯ ಪಕ್ಕ ಬಿದ್ದಿದ್ದನ್ನು ಹೇಳಿದ. ಯಾರೂ ನಗಲಿಲ್ಲ.

ಹೀಗೆ ನಾಲ್ಕು ರವಿವಾರ ಹೋದಳು. ನಾಲ್ಕನೆಯ ಸಲ ಮನೆಗೆ ಬಂದಾಗ ದಾದಾಸಾಹೇಬ ಅವಳ ಸೀರೆಯ ಅಂಚನ್ನೇ ನೋಡುತ್ತಿದ್ದ.

"ಬಸ್ತ್ಯಾಗ ಹಿಟ್ಟ ಎಲ್ಲಿ ಹತ್ತಿತು?"

ಅವಳು ಅಂಚು ಕೊಡವಿದಳು. "ಬಸ್ಸಿನ್ಯಾಗ ಯಾರದೋ ಚೀಲ ಹರದಿತ್ತು" ಎಂದಳು. ಅವನು ಮತ್ತೆ ಕೇಳಲಿಲ್ಲ. ಕೇಳದಿದ್ದುದೇ ಅವಳ ನಿದ್ದೆ ಕೆಡಿಸಿತು.

ಐದನೆಯ ರವಿವಾರ ಗಫಾರ, "ಇವತ್ತರ ಎರಡು ಮಾತ ಹೇಳ್ರಿ" ಎಂದ. ಅವಳು ನೆಲ ನೋಡುತ್ತ ಶುರುಮಾಡಿದಳು.

"ಸಂಜಿ ಆತಂದ್ರ ಎದಿ ಡವಡವ ಅಂತೈತಿ. ಮಗಳು ದೀಪಾಲಿನ್ನ ಬಾಜೂ ಮನಿಗೆ ಓದಾಕ ಕಳಸ್ತೇನಿ. ಅವರು ಕೈ ಮಾಡಾಂಗಿಲ್ಲ, ಖರೆ. ಆದ್ರ ಅವರು ಬಂದಕೂಡ್ಲೆ ನಾ ಮಾರಿ ನೋಡಾಂಗಿಲ್ಲ. ಹೆಜ್ಜಿ ನೋಡ್ತೇನಿ, ಹೆಂಗ ಬೀಳಾಕತ್ತಾವ ಅಂತ."

ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದಾರೆಂದು ಆಗ ಅವಳಿಗೆ ಹೊಳೆಯಿತು. ತಿರುಗಿದರೆ ಹೊಸ್ತಿಲಲ್ಲಿ ದಾದಾಸಾಹೇಬ. ಮುಷ್ಟಿ ಬಿಗಿದಿತ್ತು, ಕೊರಳಲ್ಲಿ ಬೆವರು. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನು ಆರು ಗಂಡಸರನ್ನು, ಚಹಾದ ಕಿಟ್ಲಿಯನ್ನು, ಕೊನೆಗೆ ಹೆಂಡತಿಯನ್ನು ನೋಡಿದ. ಮುಷ್ಟಿ ಸಡಿಲಾಯಿತು.

"ಕುಂಡ್ರಿ ಬರ್ರಿ" ಎಂದ ಗಫಾರ. ದಾದಾಸಾಹೇಬ ಇಳಿದು ಹೋದ.

ಬಸ್ ನಿಲ್ದಾಣದಲ್ಲಿ ಅವನಿರಲಿಲ್ಲ. ಬಸ್ಸಿನಲ್ಲೂ ಇರಲಿಲ್ಲ. ಎಲ್ಲಿಯಾದರೂ ಹೊಳೆಯ ಕಡೆ ಹೋದನೇ, ಇಲ್ಲ ಮಗಳ ಮೇಲೆ ಸಿಟ್ಟು ತೀರಿಸುವನೇ ಎಂದು ದಾರಿಯುದ್ದಕ್ಕೂ ರಾಜಮತಿ ಸೆರಗಿನ ತುದಿ ಹಿಂಡುತ್ತಿದ್ದಳು. ಮನೆಗೆ ಬಂದಾಗ ಅವನು ಕಟ್ಟೆಯ ಮೇಲೆ ಕೂತಿದ್ದ. ಕುಡಿದಿರಲಿಲ್ಲ.

"ನಾ ಬ್ಯಾರೆ ಏನೋ ತಿಳಕೊಂಡಿದ್ದೆ" ಎಂದ. ಆಮೇಲೆ, "ಹೆಜ್ಜಿ ನೋಡ್ತಿಯೇನ?" ಎಂದು ಕೇಳಿದ.

"ಹೂಂ."

ಅವನು ಮುಖ ಆಚೆ ತಿರುಗಿಸಿದ.

ಆ ವಾರವೂ ಅವನು ಎರಡು ದಿನ ಕುಡಿದ. ಆದರೆ ರವಿವಾರ ಅವಳಿಗಿಂತ ಮೊದಲೇ ಬಸ್ಸಿಗೆ ಬಂದು ನಿಂತಿದ್ದ, ಗುರುತಿಲ್ಲದವನ ಹಾಗೆ, ನಾಲ್ಕು ಮಾರು ದೂರ. ಕೋಣೆಯಲ್ಲಿ ಸರದಿ ಬಂದಾಗ, "ನಾ ದಾದಾಸಾಹೇಬ" ಎಂದ. ಮುಂದಿನ ಮಾತು ಬರಲಿಲ್ಲ.

"ಇವತ್ತಿಗೆ ಅಷ್ಟ ಸಾಕ್ರಿ" ಎಂದ ಗಫಾರ.

ಆಮೇಲೆ ಅವನು ಮೂರು ಸಲ ಮತ್ತೆ ಕುಡಿತಕ್ಕೆ ಜಾರಿದ. ಒಮ್ಮೆ ಗಫಾರ ತನ್ನ ಕೆಲಸ ಬಿಟ್ಟು ಕಲ್ಲೋಳಿಗೆ ಬಂದು, ಬೆಳಗಿನಿಂದ ಸಂಜೆಯವರೆಗೆ ಗೊಬ್ಬರದ ಚೀಲಗಳ ನಡುವೆ ಅವನ ಜೊತೆ ಸುಮ್ಮನೆ ಕೂತಿದ್ದ. ಯುಗಾದಿಯ ನಂತರ ದಾದಾಸಾಹೇಬ ಕುಡಿಯಲಿಲ್ಲ.

ದೀಪಾವಳಿಯ ಮುಂಚಿನ ಒಂದು ರವಿವಾರ, ಗಂಡ ಕೆಳಗೆ ಚಪ್ಪಲಿ ಮೆಟ್ಟುತ್ತಿದ್ದಾಗ ರಾಜಮತಿ ಗಫಾರನಿಗೆ ಮೆಲ್ಲಗೆ ಹೇಳಿದಳು. "ಏಳ ತಿಂಗಳಾತ್ರಿ ಅಣ್ಣಾ. ನನಗಿನ್ನೂ ಹೆದರಿಕಿ ಹೋಗವಲ್ತು."

ಗಫಾರ ಲೋಟಗಳನ್ನು ಒಂದರೊಳಗೊಂದು ಇಡುತ್ತಿದ್ದ. "ಲಗೂ ಹೋಗಾಂಗಿಲ್ರಿ. ನಾ ಬಿಟ್ಟ ಒಂಬತ್ತ ವರ್ಷ ಆತು. ನನ್ನ ಹೇಣ್ತಿ ಮೆಹರುನಬಿ ಈಗೂ ನನ್ನ ಅಂಗಿ ಮೂಸಿ ನೋಡಿ ಒಗಿಯಾಕ ಹಾಕ್ತಾಳ."