ಎಡ ರೆಕ್ಕೆಯ ದುರಸ್ತಿ

ಗುರುಲಿಂಗಪ್ಪ ತನ್ನ ವಿಮಾನವನ್ನು ಮುರಿದಾಗಲೆಲ್ಲ ನನಗೊಂದು ಡಬ್ಬಿ ಕರದಂಟು ತರುತ್ತಾನೆ. ಅವನಿರುವುದು ಮೂಡಲಗಿಯಲ್ಲಿ, ನಾನಿರುವುದು ಗೋಕಾಕಿನಲ್ಲಿ. ನಮ್ಮೂರಿನ ಸಿಹಿಯನ್ನು ನಮ್ಮೂರಿನ ಬಜಾರದಲ್ಲೇ ಕೊಂಡು, ಎರಡು ಓಣಿ ದಾಟಿ ಬಂದು ನನ್ನ ಕೈಗೆ ಕೊಡುವುದು ಅವನ ಕ್ಷಮಾಪಣೆಯ ಕ್ರಮ. ಬಾಯಿಮಾತಿನಲ್ಲಿ ಅವನು ಯಾರಲ್ಲೂ ಎಂದೂ ಕ್ಷಮೆ ಕೇಳಿದವನಲ್ಲ.

ವಿಮಾನ ಆಟಿಕೆಯಷ್ಟು ಸಣ್ಣದಲ್ಲ. ರೆಕ್ಕೆಗಳನ್ನು ಬಿಚ್ಚದೆ ಅದು ನಮ್ಮ ಮನೆಯ ಬಾಗಿಲು ದಾಟುವುದಿಲ್ಲ. ಪೆಟ್ರೋಲ್ ಇಂಜಿನ್ನಿನ ಸದ್ದಿಗೆ ಅರ್ಧ ಹರದಾರಿ ದೂರದ ನಾಯಿಗಳು ಎದ್ದು ನಿಲ್ಲುತ್ತವೆ. ನೆಲದಲ್ಲಿ ನಿಂತವನ ಕೈಯ ರಿಮೋಟ್ ಹೇಳಿದಂತೆ ಅದು ಏರುತ್ತದೆ, ತಿರುಗುತ್ತದೆ, ಇಳಿಯುತ್ತದೆ. ನಾನು ಅದನ್ನು ಒಮ್ಮೆಯೂ ಹಾರಿಸಿದವನಲ್ಲ, ಅವನು ಒಮ್ಮೆಯೂ ದುರಸ್ತಿ ಮಾಡಿದವನಲ್ಲ. ನಮ್ಮ ಸ್ನೇಹ ಇಷ್ಟು ಕಾಲ ಬಾಳಿದ್ದಕ್ಕೆ ಈ ವಿಭಜನೆಯೇ ಕಾರಣವಿರಬೇಕು. ಇಬ್ಬರಿಗೂ ಬೇರೆ ಯಾವ ವಿಷಯದಲ್ಲೂ ಹೆಚ್ಚು ಮಾತು ಸಾಗುವುದಿಲ್ಲ.

ಹಿತ್ತಲಿನಲ್ಲಿ ಹಿಂದೆ ದನ ಕಟ್ಟುತ್ತಿದ್ದ ಕೋಣೆ ಈಗ ನನ್ನ ಕಾರ್ಖಾನೆ. ಗೋಡೆಗೆ ರೆಕ್ಕೆಗಳು ತೂಗುತ್ತವೆ. ಕೊಳವೆಯ ಅಂಟು, ತೆಳ್ಳನೆಯ ಗರಗಸ, ಬಾಲ್ಸಾ ಎಂಬ ಹೂವಿನಷ್ಟು ಹಗುರವಾದ ಕಟ್ಟಿಗೆಯ ಹಲಗೆಗಳು ದನಕ್ಕೆ ಮೇವು ಹಾಕುತ್ತಿದ್ದ ಗೋದಲಿಯ ಮೇಲಿವೆ. ರೆಕ್ಕೆಯ ಎಲುಬುಗೂಡಿಗೆ ಹೊದಿಸುವ ಬಣ್ಣದ ಹಾಳೆ ಬಿಸಿಗೆ ಬಿಗಿಯುತ್ತದೆ. ಅದಕ್ಕೆ ನಾನು ಬಳಸುವುದು ನನ್ನ ಹೆಂಡತಿ ಚನ್ನವ್ವ ಬಿಟ್ಟುಹೋದ ಇಸ್ತ್ರಿಪೆಟ್ಟಿಗೆ. ಬದುಕಿದ್ದಾಗ ಆಕೆ ಅದನ್ನು ನನಗೆ ಮುಟ್ಟಗೊಡುತ್ತಿರಲಿಲ್ಲ. ಕಾಲೇಜಿನಲ್ಲಿ ಹೊಸ ಕವಿತೆ ಕಲಿಸುತ್ತಿದ್ದ ವರ್ಷಗಳಲ್ಲಿ ನಾನು ಹುಡುಗರಿಗೆ ಹೇಳುತ್ತಿದ್ದುದು ಒಂದೇ ಮಾತು: ಸಾಲಿನಿಂದ ತೂಕ ತೆಗೆಯಿರಿ, ಬಲ ತೆಗೆಯಬೇಡಿರಿ. ಹುಡುಗರು ಬರೆದುಕೊಳ್ಳುತ್ತಿದ್ದರು. ಆ ಮಾತು ನಿಜವೆಂದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ರೆಕ್ಕೆಯ ಒಳಗೆ.

ಕಳೆದ ವರ್ಷ ಬೇಸಿಗೆಯಲ್ಲಿ ಎಡ ರೆಕ್ಕೆಯ ತುದಿ ಮುರಿದು ಬಂತು. ಜಾಲಿ ಗಿಡ, ಎಂದ. ಕರದಂಟು ಕೊಟ್ಟ. ಮಳೆಗಾಲಕ್ಕೆ ಮುಂಚೆ ಮತ್ತೆ ಎಡ ತುದಿ. ಹೊಲದ ಬದು, ಎಂದ. ದಸರೆಯ ಹೊತ್ತಿಗೆ ಮೂರನೆಯ ಸಲ ಎಡ ರೆಕ್ಕೆ ಬಂದಾಗ ಅದರೊಂದಿಗೆ ಕರೆಂಟಿನ ಕಂಬದ ತಂತಿಯ ತುಣುಕೂ ಇತ್ತು. ಗುರುಲಿಂಗಪ್ಪ ಗೋದಲಿಯ ಕಟ್ಟೆಯ ಮೇಲೆ ಕುಳಿತು ಚಾ ಕುಡಿಯುತ್ತಿದ್ದ. ಬಟ್ಟಲು ಅವನ ಎಡಕ್ಕಿತ್ತು. ಅದನ್ನು ಅವನು ಕೈಯಿಂದ ತಡಕಿ ಹುಡುಕಿಕೊಂಡ.

“ಗಾಳಿ ಭಾಳ ಐತಿ ಈ ವರ್ಷ,” ಎಂದ.

“ಎಡಗಡೆ ಅಷ್ಟ ಬೀಸತೈತೇನ ಗಾಳಿ?”

“ನೀ ರೆಕ್ಕಿ ಕೂಡಸೋ ಮಾಸ್ತರ. ಗಾಳಿ ಲೆಕ್ಕ ನನಗಿರಲಿ.”

ಅವನನ್ನು ಕರೆತಂದಿದ್ದ ಟಂಟಂ ಗಾಡಿಯ ಮಾಳಪ್ಪ ಬಾಗಿಲಲ್ಲಿ ನಿಂತು ಆಕಾಶವನ್ನು ನೋಡಿದ. ಅಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ವಾರದ ನಂತರ ಮೂಡಲಗಿಗೆ ಹೋದೆ. ಗುರುಲಿಂಗಪ್ಪ ಹೊಲಕ್ಕೆ ಹೋಗಿದ್ದ ಹೊತ್ತಿನಲ್ಲಿ ಅವನ ಹೆಂಡತಿ ರಾಜೇಶ್ವರಿ ವಿಷಯವನ್ನು ಬಿಡಿಸಿ ಹೇಳಿದರು. ಯುಗಾದಿಯ ಹೊತ್ತಿಗೆ ಅವನಿಗೆ ಸಣ್ಣದಾಗಿ ಲಕ್ವ ಹೊಡೆದು ಹೋಗಿತ್ತು. ಕೈಕಾಲು ಉಳಿದವು, ಮಾತು ಉಳಿಯಿತು. ಎರಡೂ ಕಣ್ಣುಗಳಿಗೆ ಎಡಭಾಗದ ನೋಟ ಮಾತ್ರ ಉಳಿಯಲಿಲ್ಲ. ದೋಷ ಕಣ್ಣಿನದಲ್ಲ, ಮೆದುಳಿನದು ಎಂದು ಡಾಕ್ಟರು ಹೇಳಿದ್ದರಂತೆ. ಯಾರಿಗೂ ಹೇಳಕೂಡದೆಂದು ಗುರುಲಿಂಗಪ್ಪ ಹೇಳಿದ್ದನಂತೆ.

“ಉಣ್ಣಾಕ ಕುಂತ್ರ ತಾಟಿನ ಎಡಗಡೆದ ಪಲ್ಲೆ ಹಂಗ ಉಳೀತಿತ್ತರಿ ಅಣ್ಣಾರ,” ಎಂದರು ರಾಜೇಶ್ವರಿ. “ರುಚಿ ಆಗಿಲ್ಲೇನೋ ಅನಕೊಂಡ ನಾಕ ದಿನ ಸಿಟ್ಟ ಮಾಡಿದೆ. ಆಮ್ಯಾಲೆ ತಿಳೀತು. ಈಗ ನಾನ ನಡುವ ಬಂದು ತಾಟ ತಿರುಗಿಸಿ ಇಡತೇನಿ.”

“ಅವಗ ಗೊತ್ತೈತಿ?”

“ಗೊತ್ತಾಗದಂಗ ತಿರುಗಸ್ತೇನ್ರಿ. ರೊಟ್ಟಿ ನೀಡಾಕ ಬಗ್ಗಿದಂಗ ಬಗ್ಗತೇನಿ.”

ಹಾರಿಸುವುದನ್ನು ನಿಲ್ಲಿಸು ಎಂದು ನಾನು ಅವನಿಗೆ ಹೇಳಬೇಕಿತ್ತು. ಅವನು ವಿಮಾನ ಹಾರಿಸುವ ಬರಡು ಮಡ್ಡಿಯ ಆಚೆ ಬದಿಗೆ ಕುರಿಗಳು ಮೇಯುತ್ತವೆ, ಕುರಿಗಳ ಹಿಂದೆ ಮನುಷ್ಯರಿರುತ್ತಾರೆ, ಮತ್ತು ಅಂಥ ವಿಮಾನ ತಲೆಗೆ ಬಡಿದರೆ ಕರದಂಟಿನಿಂದ ತೀರುವ ಮಾತಲ್ಲ. ಆದರೆ ಹೇಳಿದರೆ ಅವನು ಹಾರಿಸುವುದನ್ನು ಬಿಡುತ್ತಿದ್ದ, ಮುರಿಯುವುದು ನಿಲ್ಲುತ್ತಿತ್ತು, ನನ್ನ ಹಿತ್ತಲಿಗೆ ಬರಲು ಅವನಿಗೆ ಕಾರಣ ಉಳಿಯುತ್ತಿರಲಿಲ್ಲ. ಇದನ್ನೆಲ್ಲ ತೂಗಿ ನೋಡಿ, ನಾನು ವಿಮಾನವನ್ನು ಸುಧಾರಿಸಲು ನಿರ್ಧರಿಸಿದೆ.

ಹುಕ್ಕೇರಿಯ ಕಡೆ, ದಡ್ಡಿಯ ಹತ್ತಿರ, ಸುವರ್ಣಾ ಎಂಬ ಹೆಣ್ಣುಮಗಳಿದ್ದಾಳೆ. ಮನೆತನದ್ದು ಕುರಿ ಮತ್ತು ಕಬ್ಬು. ಆಕೆಯದು ಡ್ರೋನ್: ಎತ್ತರ ಬೆಳೆದ ಕಬ್ಬಿನ ಮೇಲೆ ಡ್ರೋನ್ ಹಾರಿಸಿ ಔಷಧ ಹೊಡೆಯುತ್ತಾಳೆ, ಹಂಗಾಮಿನಲ್ಲಿ ಆಕೆ ಸಿಗುವುದೇ ಕಷ್ಟ. ಒಂದು ಕಾಲಕ್ಕೆ ನನ್ನ ತರಗತಿಯಲ್ಲಿ ಕಿಟಕಿಯ ಬಳಿ ಕುಳಿತು, ಕವಿತೆಯ ಹೊತ್ತಿಗೆ ಹೊರಗಿನ ಆಕಾಶವನ್ನು ನೋಡುತ್ತಿದ್ದವಳು. ನಾನು ಅದನ್ನು ಅಲಕ್ಷ್ಯವೆಂದು ತಿಳಿದಿದ್ದೆ.

ಹೊಸ ಏರ್ಪಾಡು ಸರಳವಾಗಿತ್ತು. ಹಾರಿಸಲು ಕಲಿಸುವವರು ಎರಡು ರಿಮೋಟ್‌ಗಳನ್ನು ಜೋಡಿಸುವುದುಂಟು. ವಿಮಾನ ಕೇಳುವುದು ಗುರುವಿನ ರಿಮೋಟಿನ ಮಾತನ್ನು. ಗುರು ಒಂದು ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಶಿಷ್ಯನ ಮಾತು ವಿಮಾನಕ್ಕೆ ತಲುಪುತ್ತದೆ. ಗುಂಡಿ ಬಿಟ್ಟರೆ ವಿಮಾನ ಗುರುವಿನದು. ದುರಸ್ತಿಗೆಂದು ವಿಮಾನದೊಂದಿಗೆ ಬಂದಿದ್ದ ಗುರುಲಿಂಗಪ್ಪನ ರಿಮೋಟನ್ನು ಶಿಷ್ಯನದಾಗಿ ಮಾಡಿದೆ, ಗುರುವಿನದನ್ನು ಸುವರ್ಣಾಗೆಂದು ಇಟ್ಟೆ. ರೆಕ್ಕೆಯೊಳಗಿನ ಸಣ್ಣ ಮೋಟಾರುಗಳನ್ನೂ ಬದಲಿಸಿದೆ. ಏನು ಸುಧಾರಿಸಿದೆ ಎಂದು ಅವನು ಕೇಳಿದರೆ ಹೇಳಲು ಒಂದು ಸತ್ಯವಾದರೂ ಇರಲಿ ಎಂದು. ಎಡ ರೆಕ್ಕೆಗೆ ಮೂರು ಹೊಸ ತುದಿಗಳನ್ನು ಮುಂಗಡವಾಗಿ ಮಾಡಿ ಗೋಡೆಗೆ ತೂಗುಹಾಕಿದೆ.

ಸುವರ್ಣಾಗೆ ನನ್ನ ಹಿತ್ತಲಿನಲ್ಲಿ ಎಲ್ಲವನ್ನೂ ತೋರಿಸಿದೆ. ಆಕೆ ವಿಮಾನವನ್ನು ಸುತ್ತುಹಾಕಿ ನೋಡಿದಳು.

“ಸರ, ನನ್ನ ಡ್ರೋನ್ ಕೈ ಬಿಟ್ರ ಅಲ್ಲೇ ನಿಲ್ಲತೈತಿ. ಇದು ಕೈ ಬಿಟ್ರ?”

“ಬೀಳತೈತಿ.”

“ಮತ್ತ ಇದನ್ಯಾಕ ಮಾಡ್ಯಾರು?”

ಆಕೆ ಕಂಪ್ಯೂಟರಿನ ಮೇಲೆ ಕೆಲವು ದಿನ ಅಭ್ಯಾಸ ಮಾಡಿದಳು. ಒಪ್ಪಂದವೇನೆಂದರೆ, ಗುರುಲಿಂಗಪ್ಪನೇ ಹಾರಿಸಬೇಕು. ವಿಮಾನ ಎಡಕ್ಕೆ ಯಾವುದಾದರೂ ಗಿಡಕ್ಕೋ ಕಂಬಕ್ಕೋ ಹತ್ತಿರವಾದರೆ ಮಾತ್ರ ಆಕೆ ತೆಗೆದುಕೊಳ್ಳಬೇಕು, ತಿರುಗಿಸಿ ಮತ್ತೆ ಕೊಡಬೇಕು.

ಒಂದು ರವಿವಾರ ಮುಂಜಾನೆ ಮಡ್ಡಿಯ ಮೇಲೆ ಸೇರಿದೆವು. ಇದು ಗುರುಲಿಂಗಪ್ಪನದೇ ಬರಡು ಭೂಮಿ, ಕಬ್ಬಿನ ತೋಟದ ಮೇಲ್ಗಡೆ. ಸುವರ್ಣಾ ನನ್ನ ಹಳೆಯ ವಿದ್ಯಾರ್ಥಿನಿ, ವಿಮಾನ ನೋಡಲು ಬಂದಿದ್ದಾಳೆ ಎಂದು ಪರಿಚಯಿಸಿದೆ.

“ಬಾರವಾ. ನೋಡು,” ಎಂದ ಗುರುಲಿಂಗಪ್ಪ. “ಇವ್ರ ಪಾಠಕ್ಕಿಂತ ಛಲೋ ಇರತೈತಿ.”

“ಅದಕ್ಕ ಬಂದೇನ್ರಿ ಕಾಕಾ,” ಎಂದಳು.

ಆಕೆ ನಮ್ಮ ಹಿಂದೆ, ಬೇವಿನ ಗಿಡದ ಬುಡದಲ್ಲಿ, ಸೆರಗಿನೊಳಗೆ ರಿಮೋಟ್ ಹಿಡಿದು ನಿಂತಳು. ಹಾರಿಸುವವನು ಆಕಾಶ ಬಿಟ್ಟು ಹಿಂದೆ ನೋಡುವುದಿಲ್ಲ.

ವಿಮಾನ ಓಡಿತು, ಎದ್ದಿತು. ಗುರುಲಿಂಗಪ್ಪ ಅದನ್ನು ಬಲಕ್ಕೆ ಸುತ್ತಿಸಿ ಏರಿಸಿದ. ಹಾರಿಸುವಾಗ ಅವನ ಮುಖದಲ್ಲಿ ಅರವತ್ತು ದಾಟಿದ ಯಾವ ಗುರುತೂ ಉಳಿಯುವುದಿಲ್ಲ. ಎರಡು ಸುತ್ತು ಸರಿಯಾಗಿ ಹೋಯಿತು. ಮೂರನೆಯ ಸುತ್ತಿಗೆ ಅದು ಎಡಕ್ಕೆ ವಾಲಿ ಜಾಲಿ ಗಿಡದ ಕಡೆಗೆ ನುಗ್ಗಿತು. ಗಿಡ ಅವನ ಪಾಲಿಗೆ ಅಲ್ಲಿ ಇರಲೇ ಇಲ್ಲ. ವಿಮಾನ ಗಿಡದ ನೆತ್ತಿಯ ಮೇಲೆ ಮೃದುವಾಗಿ ತಿರುಗಿ ಬಂತು.

ಅಲ್ಲಿಗೆ ಸುವರ್ಣಾ ಅದನ್ನು ಮರಳಿ ಕೊಡಬೇಕಿತ್ತು. ಕೊಡಲಿಲ್ಲ.

ವಿಮಾನ ಮಡ್ಡಿಯ ಆ ತುದಿಗೆ ನೇರವಾಗಿ ಹೋಯಿತು, ತಿರುಗಿತು, ಹೋದ ದಾರಿಯ ಪಕ್ಕದಲ್ಲೇ ನೇರವಾಗಿ ಬಂತು. ಮತ್ತೆ ತಿರುಗಿತು, ಮತ್ತೊಂದು ಸಾಲು. ಎತ್ತರ ಬದಲಾಗಲಿಲ್ಲ, ಸಾಲುಗಳ ನಡುವಿನ ಅಂತರ ಬದಲಾಗಲಿಲ್ಲ. ಬರಡು ಮಡ್ಡಿಯಲ್ಲಿ ಇಲ್ಲದ ಕಬ್ಬಿಗೆ ಅದು ಇಲ್ಲದ ಔಷಧವನ್ನು ಬಹಳ ಶ್ರದ್ಧೆಯಿಂದ ಹೊಡೆಯುತ್ತಿತ್ತು.

ಗುರುಲಿಂಗಪ್ಪನ ಹೆಬ್ಬೆರಳುಗಳು ಸ್ವಲ್ಪ ಹೊತ್ತು ಆಡಿದವು. ಆಮೇಲೆ ನಿಂತವು. ಅವನು ರಿಮೋಟನ್ನು ಕೊರಳಿನ ಪಟ್ಟಿಗೆ ಜೋತುಬಿಟ್ಟ. ಕಿಸೆಯಿಂದ ಚಂಚಿ ತೆಗೆದು, ಬಿಚ್ಚಿ, ಎಲೆ ಆರಿಸಿ, ಪಂಚೆಗೆ ಒರೆಸಿ, ಸುಣ್ಣ ಸವರಿದ. ಅಡಿಕೆ ಇಟ್ಟು ಮಡಚಿ ಬಾಯಿಗೆ ಹಾಕಿಕೊಂಡ. ವಿಮಾನ ಮತ್ತೊಂದು ಸಾಲು ಮುಗಿಸಿ ತಿರುಗಿತು.

“ಮಾಸ್ತರ,” ಎಂದ, ಎಲೆ ಜಗಿಯುತ್ತ. “ಇಮಾನ ಭಾಳ ಶಾಣ್ಯಾ ಆಗೈತಿ.”

“ಮೋಟಾರ್ ಬದಲಿ ಮಾಡೇನಿ.”

“ಹೌದಾ. ಒಂದು ಎಕರೆ ಮುಗಸ್ತು ನೋಡು.”

ವಿಮಾನ ಇಳಿಯಿತು. ಅಷ್ಟು ನಯವಾಗಿ ಅದು ಎಂದೂ ಇಳಿದಿರಲಿಲ್ಲ. ಗುರುಲಿಂಗಪ್ಪ ಹಿಂದೆ ತಿರುಗದೆ ದನಿ ಎತ್ತರಿಸಿ ಕೇಳಿದ: “ಯಾವೂರವಾ ತಂಗಿ ನಿಂದು?”

“ದಡ್ಡಿ ಕಡೇರಿ,” ಎಂದಿತು ಬೇವಿನ ಗಿಡ.

“ಎಕರೆಕ ಎಷ್ಟ ತಗೋತಿ?”

ನಾನು ರೆಕ್ಕೆ ಬಿಚ್ಚತೊಡಗಿದೆ. ಬಿಚ್ಚಲು ಯಾವ ಅವಸರವೂ ಇರಲಿಲ್ಲ.

“ಕೊಡತೇನಿ ಅಂದಿದ್ದಿ,” ಎಂದೆ ಆಕೆಗೆ, ಅವನು ದೂರವಾದ ಮೇಲೆ.

“ಕೊಟ್ಟಿದ್ರ ಕಂಬಕ್ಕ ಹೊಕ್ಕಿತ್ತರಿ ಸರ. ಸಾಲು ಹಿಡದದ್ದು ನನಗ ಗೊತ್ತ ಆಗಲಿಲ್ಲ. ಕೈಗೆ ರೂಢಿ.”

ಊಟಕ್ಕೆ ಅವನ ಮನೆಗೇ ಹೋದೆವು. ರಾಜೇಶ್ವರಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು ಬಡಿಸಿದರು. ಗುರುಲಿಂಗಪ್ಪ ತಾಟಿನ ಬಲಭಾಗದ್ದನ್ನು ಉಂಡ. ರಾಜೇಶ್ವರಿ ರೊಟ್ಟಿ ನೀಡಲು ಬಗ್ಗಿದರು. ಅವರ ಕೈ ತಾಟಿನ ಅಂಚಿಗೆ ತಲುಪುವಷ್ಟರಲ್ಲಿ ಅವನು ಅದರ ಮೇಲೆ ತನ್ನ ಕೈಯನ್ನಿಟ್ಟ.

“ಇಕಿ ದಿನಾ ತಾಟ ತಿರುಗಸ್ತಾಳ,” ಎಂದ ನನ್ನ ಕಡೆ ನೋಡಿ. “ನನಗ ಗೊತ್ತಿಲ್ಲ ಅನಕೊಂಡಾಳ. ಇರಲಿ. ಹೆಂಡತಿ ತಿರುಗಸ್ಲಿ. ನೀ ನನ್ನ ಇಮಾನ ತಿರುಗಸಬ್ಯಾಡ.”

ರಾಜೇಶ್ವರಿ ರೊಟ್ಟಿ ಹಿಡಿದುಕೊಂಡೇ ನಿಂತರು. ಅವನು ತಾಟನ್ನು ತಾನೇ ತಿರುಗಿಸಿಕೊಂಡ. ಎಣಗಾಯಿ ಅವನ ಜಗತ್ತಿನೊಳಗೆ ಬಂತು. ಪೂರ್ತಿ ಉಂಡ. ಸುವರ್ಣಾ ತನ್ನ ತಾಟನ್ನೇ ನೋಡುತ್ತಿದ್ದಳು.

ಆ ನಂತರ ಅವನು ಗೋಕಾಕಿಗೆ ಬರಲಿಲ್ಲ. ವಿಮಾನ ಅವನ ಮನೆಯಲ್ಲಿ, ಎಲ್ಲಿಯೂ ಮುರಿಯದೆ, ಸುಸ್ಥಿತಿಯಲ್ಲಿತ್ತು, ಬರಲು ಕಾರಣವಿರಲಿಲ್ಲ. ಚಳಿಗಾಲ ಹೋಯಿತು. ನನ್ನ ಗೋಡೆಯ ಮೇಲೆ ಮೂರು ಎಡ ತುದಿಗಳು ಗಾಳಿಗೆ ಸಣ್ಣಗೆ ತೂಗುತ್ತಿದ್ದವು. ಅಂಟಿನ ಕೊಳವೆ ಬಾಯಿ ಕಟ್ಟಿತು. ಬಜಾರಕ್ಕೆ ಹೋದಾಗ ಕರದಂಟಿನ ಅಂಗಡಿಯವರು, “ಮೂಡಲಗಿ ಗೌಡರು ಆರಾಮ ಅದಾರಿಲ್ರಿ?” ಎಂದು ಕೇಳಿದರು. ಆರಾಮ ಇದ್ದಾನೆ, ಅದೇ ತೊಂದರೆ, ಎಂದು ಹೇಳಲಾಗಲಿಲ್ಲ.

ಕಡೆಗೆ ನಾನೇ ಸ್ಕೂಟರ್ ಹತ್ತಿ ಮೂಡಲಗಿಗೆ ಹೋದೆ. ಗುರುಲಿಂಗಪ್ಪ ಪಡಸಾಲೆಯಲ್ಲಿ ಕುಳಿತು ವಿಮಾನದ ಧೂಳು ಒರೆಸುತ್ತಿದ್ದ. ಬಲ ರೆಕ್ಕೆ ಹೊಳೆಯುತ್ತಿತ್ತು. ಎಡ ರೆಕ್ಕೆಯ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳಿತ್ತು. ನಾನು ಎಡಕ್ಕೆ ಕುಳಿತು ಒರೆಸತೊಡಗಿದೆ.

“ಅಲ್ಲಿ ಯಾರ ಕುಂತಾರ?” ಎಂದ.

“ನಾನ. ನೀ ಹಾರಸಬ್ಯಾಡ ಅಂತ ಹೇಳಾಕ ಬಂದೇನಿ. ಅವತ್ತ ಹೇಳಬೇಕಾಗಿತ್ತು.”

“ಈಗ ಹೇಳಿದ್ಯಲ್ಲ.”

“ಬಿಡತೀ?”

“ಇಲ್ಲ.”

ಇಬ್ಬರೂ ಒರೆಸಿದೆವು. ಅವನು ಅರಿವೆ ಕೊಡವಿದ. “ಆ ಹುಡುಗಿನ ಕರಿ. ಜೋಡಿ ರಿಮೋಟ್ ಇರಲಿ. ಹಿಂದ ಕದ್ದ ನಿಲ್ಲೋದ ಬ್ಯಾಡ, ನನ್ನ ಎಡಕ್ಕ ನಿಲ್ಲಲಿ. ನೀನೂ ಎಡಕ್ಕ ನಿಲ್ಲು. ಗಿಡ ಬಂದ್ರ ಗಿಡ ಅನ್ರಿ, ಕಂಬ ಬಂದ್ರ ಕಂಬ ಅನ್ರಿ. ಕಸಗೋಬೇಕಾದ್ರ ಹೇಳಿ ಕಸಗೋಬೇಕು. ಕುರಿ ಇದ್ದ ದಿವಸ ನಾನ ಹಾರಸಾಂಗಿಲ್ಲ.”

“ಹೇಳಿದ್ದು ಕೇಳತೀ?”

“ಕೇಳೋದ ಬ್ಯಾರೆ, ಮಾಡೋದ ಬ್ಯಾರೆ. ಕೇಳತೇನಿ.”

ಮುಂದಿನ ರವಿವಾರ ಹಾಗೆಯೇ ನಿಂತೆವು. ಕುರಿಗಳು ಆಚೆ ಹಳ್ಳಕ್ಕೆ ಹೋಗಿದ್ದವು. ಸುವರ್ಣಾ, ನಾನು, ಇಬ್ಬರೂ ಅವನ ಎಡಕ್ಕೆ.

“ಕಾಕಾ, ಜಾಲಿ ಗಿಡ.”

“ಕಂಡಂಗಾತು,” ಎಂದು ಅವನು ವಿಮಾನವನ್ನು ಬಲಕ್ಕೆ ತಿರುಗಿಸುತ್ತಿದ್ದ.

“ಕಂಬ ಬಂತ್ರಿ.”

“ಬರಲಿ, ನಾ ಹೊಂಟೆ.”

“ಗಿಡದ ಮ್ಯಾಲೆ ಹದ್ದ ಕುಂತೈತಿ,” ಎಂದೆ ನಾನು.

“ಬೇಕಾದ್ದಷ್ಟ ಹೇಳೋ ಮಾಸ್ತರ. ಇದು ಕವಿತಾ ಅಲ್ಲ.”

ಸುವರ್ಣಾ ಒಮ್ಮೆ ಮಾತ್ರ, “ಕಸಗೋತೇನ್ರಿ ಕಾಕಾ,” ಎಂದಳು; ಅವನು, “ತಗೋ,” ಎಂದ; ಕಂಬ ದಾಟಿದ ಮೇಲೆ, “ತಗೋರಿ,” ಎಂದಳು. ಅವನು ತೆಗೆದುಕೊಂಡ. ಸಾಲುಗಳಿರಲಿಲ್ಲ. ಅವನ ಹಳೆಯ ಸುತ್ತುಗಳು, ಒಂದರಂತೆ ಒಂದು ಇಲ್ಲದವು, ಆಕಾಶದ ಮೇಲೆ ಸೊಟ್ಟಸೊಟ್ಟಾಗಿ ಬಿದ್ದವು. ಇಳಿಸುವಾಗ ಮೂವರೂ ಎಡಕ್ಕೇ ನೋಡುತ್ತಿದ್ದೆವು. ಅವನು ಕುತ್ತಿಗೆಯನ್ನೇ ಅತ್ತ ಹೊರಳಿಸಿದ್ದ. ಎಡಕ್ಕೆ ಗಿಡವಿರಲಿಲ್ಲ, ಕಂಬವಿರಲಿಲ್ಲ, ಬದುವಿರಲಿಲ್ಲ. ಚಕ್ರಗಳು ನೆಲ ಮುಟ್ಟಿದವು. ವಿಮಾನ ಓಡುತ್ತ ಬಂದು, ಬಲ ರೆಕ್ಕೆಯನ್ನು ನನ್ನ ಸ್ಕೂಟರಿಗೆ ಕೊಟ್ಟಿತು.

ಸ್ಕೂಟರಿನ ಕನ್ನಡಿ ಸ್ವಲ್ಪ ಹೊತ್ತು ಅಲ್ಲಾಡಿ ಬಿತ್ತು.

“ಅದನ್ನ ಅಲ್ಲಿ ಯಾರ ನಿಲ್ಲಿಸ್ಯಾರು?” ಎಂದ ಗುರುಲಿಂಗಪ್ಪ.

“ನಾ.”

“ಹಂಗಾರ ಕರದಂಟು ನಿಂದು.”

ಮರುದಿನ ಬಜಾರದಲ್ಲಿ ನಾನೇ ಒಂದು ಡಬ್ಬಿ ಕೊಂಡೆ. ಮಧ್ಯಾಹ್ನಕ್ಕೆ ಮಾಳಪ್ಪನ ಟಂಟಂ ಬಂತು. ಗುರುಲಿಂಗಪ್ಪ ಮುರಿದ ರೆಕ್ಕೆಯ ಗೋಣಿಚೀಲದೊಂದಿಗೆ ಇಳಿದು ಗೋದಲಿಯ ಕಟ್ಟೆಯ ಮೇಲೆ ಕುಳಿತ. ಡಬ್ಬಿಯನ್ನು ಅವನ ಬಲಕ್ಕಿಟ್ಟೆ. ಇಟ್ಟದ್ದನ್ನು ನೋಡಿದ, ಎತ್ತಿ ಎಡಕ್ಕಿಟ್ಟುಕೊಂಡ, ಆಮೇಲೆ ಹೊರಳಿ ನೋಡಿ ಒಂದು ತುಂಡು ತೆಗೆದುಕೊಂಡ.

ನನ್ನ ಬಳಿ ಮೂರು ಎಡ ತುದಿಗಳಿದ್ದವು, ಬಲದ್ದು ಒಂದೂ ಇರಲಿಲ್ಲ. ಎಡ ರೆಕ್ಕೆಯ ನಕ್ಷೆಯ ಕಾಗದವನ್ನು ಮಗುಚಿ ಹಾಕಿ, ಬೆಳಕಿಗೆ ಹಿಡಿದು, ಹಿಂಬದಿಯಿಂದ ಗೆರೆ ಎಳೆಯತೊಡಗಿದೆ.

“ಎಷ್ಟ ದಿವಸ ಆಗತೈತಿ?” ಎಂದ.

“ಹತ್ತೆಂಟು ದಿವಸ ಬೇಕು.”

“ಅವಸರ ಇಲ್ಲ. ನಡುನಡುವ ಬಂದ ನೋಡತೇನಿ,” ಎಂದು ಗುರುಲಿಂಗಪ್ಪ ಚಾದ ಬಟ್ಟಲಿಗಾಗಿ ಎಡಗೈ ಚಾಚಿದ.