ಆಡು ಮೇಯ್ದ ಎತ್ತರ

ಬೀಳಗಿಯ ಚಿತ್ರಕಲೆ ಮಾಸ್ತರ ಸಿದ್ದಾರ್ಥನ ಮನೆಯ ಪಡಸಾಲೆಯಲ್ಲಿ ಆ ವರ್ಷ ಬಂದವರಿಗೆ ಕೂಡಲು ಜಾಗವಿರಲಿಲ್ಲ. ಎರಡು ಬಾಗಿಲಿನಷ್ಟು ದೊಡ್ಡ ಹಲಗೆ ಅದನ್ನೆಲ್ಲ ನುಂಗಿಬಿಟ್ಟಿತ್ತು. ಹಲಗೆಯ ಮೇಲೆ ಮೀಟರ್ ಗೇಜ್ ಹಳಿಯ ಮಾದರಿ, ಹಳಿಯ ಕೆಳಗೆ ಸಾಣಿಸಿದ ಜಲ್ಲಿ, ತಗಡಿನ ಇಂಜಿನ್, ಹೆಬ್ಬೆರಳೆತ್ತರದ ಐದು ರೈಲು ಡಬ್ಬಿ. ಎಲ್ಲವನ್ನೂ ಅವನು ತನ್ನ ಕೈಯಾರೆ ಮಾಡಿದ್ದ, ಅದೂ ಒಬ್ಬರೇ ಒಬ್ಬರು ನೋಡಲಿ ಎಂದು. ಅವನ ಅಪ್ಪ ಮುದಕಪ್ಪ.

ಮುದಕಪ್ಪ ಬಾಗಲಕೋಟೆ ಕಡೆಯ ರೈಲು ದಾರಿಯಲ್ಲಿ ಮೂವತ್ತೊಂದು ವರ್ಷ ಗ್ಯಾಂಗ್‌ಮನ್ ಆಗಿದ್ದವನು. ಹೆಗಲ ಮೇಲೆ ಸುತ್ತಿಗೆ ಹೊತ್ತು, ತನ್ನ ಪಾಲಿನ ಹಳಿಯನ್ನು, ಅಂದರೆ ತನ್ನ ‘ಸೆಕ್ಷನ್’ ಅನ್ನು, ದಿನಾ ನಡೆದು ನೋಡಿ ಬರುವುದು ಅವನ ಕೆಲಸ. ಅವನು ನಿವೃತ್ತನಾದ ಮೇಲೆ ಆ ಹಳೆಯ ಹಳಿಯನ್ನು ಕಿತ್ತು ಬ್ರಾಡ್‌ಗೇಜ್ ಹಾಸಿದರು. ಮಗ್ಗುಲಿನ ಗಿಡಗಳೂ ಹೋದವು. ಮಗನ ಮನೆಗೆ ಬಂದ ಮುದಕಪ್ಪ ಅಂದಿನಿಂದ ರೈಲಿನ ಸುದ್ದಿಯನ್ನೇ ಎತ್ತಲಿಲ್ಲ. ಯಾರಾದರೂ ಕೇಳಿದರೆ, “ಕಿತ್ತ ಹಳಿ ಸುದ್ದಿ ಏನ ಕೇಳ್ತಿ” ಎಂದು ಮುಖ ತಿರುಗಿಸುತ್ತಿದ್ದ. ಮೂವತ್ತೊಂದು ವರ್ಷವನ್ನು ಬಾಯಲ್ಲಿಟ್ಟುಕೊಂಡು ಸುಮ್ಮನೆ ಕೂತ ಅಪ್ಪನನ್ನು ನೋಡುವುದು ಸಿದ್ದಾರ್ಥನಿಗೆ ಕಷ್ಟವಾಗುತ್ತಿತ್ತು. ಹಲಗೆ ನೋಡಿ, ಇದು ನನ್ನ ಸೆಕ್ಷನ್ ಎಂದು ಅಪ್ಪ ಒಮ್ಮೆ ಅಂದರೆ ಸಾಕಿತ್ತು.

ಹಲಗೆ ಸಿದ್ಧವಾದ ದಿನ ಮುದಕಪ್ಪ ಕೈ ಹಿಂದೆ ಕಟ್ಟಿಕೊಂಡು ಅದರ ಸುತ್ತ ಒಂದು ಸುತ್ತು ಬಂದ.

“ಹಳಿ ಬರೋಬ್ಬರಿ ಅದಾವ. ಗಿಡಾ ಮಾತ್ರ ಮದುವಿ ಹಂದರಕ್ಕ ಚುಚ್ಚಿದಂಗ ಅದಾವ. ಇದು ಯಾವ ಊರೋ ಏನೋ. ನನ್ನ ಸೆಕ್ಷನ್ ಅಲ್ಲ ಬಿಡೋ.”

ಅವನು ಅಂದದ್ದರಲ್ಲಿ ತಪ್ಪಿರಲಿಲ್ಲ. ತಂತಿಗೆ ಹಸಿರು ಸ್ಪಂಜು ಸಿಕ್ಕಿಸಿದ ಗಿಡಗಳವು. ಸಿದ್ದಾರ್ಥ ಅವನ್ನು ಕಿತ್ತು ಹತ್ತಿ ಅಂಟಿಸಿದ, ಹತ್ತಿ ತೆಗೆದು ಮರದ ಹೊಟ್ಟಿಗೆ ಬಣ್ಣ ಹಾಕಿ ಉದುರಿಸಿದ. ಒಂದೂ ಗಿಡವಾಗಲಿಲ್ಲ. ಹೆಂಡತಿ ಮನೀಷಾ ಕಡೆಗೆ ಹೇಳಿಯೇಬಿಟ್ಟಳು:

“ಏನ್ರಿ, ಈ ತಿಂಗಳ ಮುಗಿಯೂದರಾಗ ಮಾವಾರು ಒಪ್ಪಲಿಲ್ಲಂದ್ರ ಬಡಿಗ್ಯಾನ್ನ ಕರಸ್ತೇನಿ. ಈ ಹಲಗಿಯಾಗ ಛಲೋ ಮಂಚಾ ಆಕ್ಕೈತಿ.”

ಮರುದಿನ ಮುಂಜಾನೆ ಮುದಕಪ್ಪನ ಚಹಾಕ್ಕೆ ಆಡಿನ ಹಾಲು ತಂದ ಸತ್ಯವ್ವ, ತಂಬಿಗೆ ಇಳಿಸಿ, ಹಲಗೆಯ ಮುಂದೆ ನಿಂತಳು. ಆಡು-ಕುರಿ ಕಾಯುತ್ತ ಮುಪ್ಪಾದ ಹೆಂಗಸು ಆಕೆ. ಮೊದಲು ಮಂದೆ ಹೊಡೆದುಕೊಂಡು ಹೊಳೆ ದಾಟಿ ಬಾಗಲಕೋಟೆ ಕಡೆ ದೂರ ದೂರ ಹೋಗುತ್ತಿದ್ದವಳು, ಈಗ ನಾಲ್ಕು ಆಡು ಕಟ್ಟಿಕೊಂಡು ಊರಲ್ಲೇ ಇದ್ದಳು.

“ಮಾಸ್ತರ, ಇದೇನ್ರಿ, ಹೂಕೋಸ ಹಚ್ಚೀರಿ?”

“ಗಿಡ ಬೇ ಅವು.”

“ಅಯ್ಯ ನನ್ನಪ್ಪಾ! ಗಿಡಾ ಮಾಡಾಕ ಸ್ಪಂಜು ಯಾಕ ಬೇಕು? ಬ್ಯಾರ ನೋಡ್ರಿ, ಗಿಡದ ಬ್ಯಾರ.”

ಎರಡು ದಿನ ಬಿಟ್ಟು ಆಕೆ ಉಡಿಯ ತುಂಬ ಬೇರು ತಂದಳು. ಕಾಯಿ ಮುಗಿದು ಹೊಲದಿಂದ ಕಿತ್ತೆಸೆದ ಮೆಣಸಿನ ಗಿಡದ ಬೇರುಗಳು. ಮಣ್ಣು ಝಾಡಿಸಿ ಒಂದನ್ನು ತಲೆಕೆಳಗಾಗಿ ಹಿಡಿದಳು. ಕಾಂಡ ಬೊಡ್ಡೆಯಾಯಿತು, ಬೇರು ಕವಲೊಡೆದು ಟೊಂಗೆಯಾಯಿತು, ಟೊಂಗೆಯ ತುದಿ ಕೂದಲಿನಷ್ಟು ಸಣ್ಣಗಾಯಿತು. ಇಪ್ಪತ್ತು ವರ್ಷ ಮಕ್ಕಳಿಗೆ ಗಿಡ ಬರೆಯಲು ಕಲಿಸಿದ್ದ ಸಿದ್ದಾರ್ಥ ಬಾಯಿ ತೆರೆದು ನೋಡಿದ.

ಆಮೇಲೆ ಆಕೆ ಸೊಂಟದ ಚೀಲದಿಂದ ಕರಿ ಉಣ್ಣೆ ತೆಗೆದಳು. ಎರಡು ಬೆರಳಲ್ಲಿ ಎಳೆ ಎಳೆಯಾಗಿ ಹಿಂಜಿ, ಜೇಡರ ಬಲೆಯಷ್ಟು ತೆಳ್ಳಗೆ ಮಾಡಿ ಟೊಂಗೆಗಳ ಮೇಲೆ ಹೊದಿಸಿದಳು.

“ಕರೀದ ಯಾಕ ಬೇ? ಬಿಳೀ ಉಣ್ಣಿ ಇಲ್ಲೇನ?”

“ಗಿಡದ ಹೊಟ್ಟ್ಯಾಗ ಹಗಲೊತ್ತೂ ಕತ್ತಲಾ ಇರತೈತ್ರಿ ಮಾಸ್ತರ. ನೆಳ್ಳಾಗ ಮಲಗಿ ಮ್ಯಾಲ ನೋಡೀರಿಲ್ಲೋ?”

ಉಣ್ಣೆಗೆ ಜಾಲಿ ಅಂಟಿನ ನೀರು ಚಿಮುಕಿಸಿದಳು. ನೆರಳಲ್ಲಿ ಒಣಗಿಸಿದ ನುಗ್ಗೆ ಎಲೆಯನ್ನು ಅಂಗೈಯಲ್ಲಿ ತಿಕ್ಕಿ, ಮನೀಷಾಳ ಹಿಟ್ಟಿನ ಸಾಣಿಗೆಯಲ್ಲಿ ಸಾಣಿಸಿ, ನೆತ್ತಿಗೆ ದಟ್ಟವಾಗಿ, ಮಗ್ಗುಲಿಗೆ ತೆಳ್ಳಗೆ ಉದುರಿಸಿದಳು. ಬಿಸಿಲಿಗೆ ಒಣಗಿಸಿದರೆ ಎಲೆ ಬೆಳ್ಳಗಾಗುತ್ತದೆ ಎಂಬುದೂ ಆಕೆಗೆ ಗೊತ್ತಿತ್ತು. ಕೈ ಅವಸರ ಮಾಡಲಿಲ್ಲ, ಎಲ್ಲಿಯೂ ತಡವರಿಸಲಿಲ್ಲ. ಸಾಣಿಗೆ ಕೇಳಲು ಬಂದ ಮನೀಷಾ ಕೇಳುವುದನ್ನು ಮರೆತು ಅಲ್ಲೇ ಕೂತಳು.

ವಾರದಲ್ಲಿ ನಲವತ್ತು ಗಿಡಗಳಾದವು. ಜಾಲಿ ಯಾವುದು, ಬೇವು ಯಾವುದು ಎಂದು ಯಾರೂ ಹೇಳಬೇಕಿರಲಿಲ್ಲ. ಅಷ್ಟರಲ್ಲಿ ಸತ್ಯವ್ವ ಕತ್ತರಿ ಎತ್ತಿಕೊಂಡು, ಒಂದೊಂದೇ ಗಿಡದ ಕೆಳಗಿನ ಹಸಿರನ್ನು ಸಮನಾಗಿ ಕತ್ತರಿಸತೊಡಗಿದಳು. ಸಿದ್ದಾರ್ಥ ಕೈ ಅಡ್ಡ ಹಿಡಿದ.

“ಏ ಯವ್ವಾ! ಇಷ್ಟ ಛಂದ ಮಾಡಿ ಯಾಕ ಕೆಡಸಾಕತ್ತಿ?”

“ಆಡು ಮುಂಗಾಲು ಎತ್ತಿ ನಿಂತರ ಡಬ್ಬಿ ಕಿಡಕಿ ಮಟಾ ಬಾಯಿ ಹಾಕತೈತಿ. ಅದರ ಕೆಳಗ ಎಲಿ ಉಳದಿದ್ದ ಗಿಡಾ ಈ ಸೀಮ್ಯಾಗ ಎಲ್ಲಿ ನೋಡೀರಿ, ಹೇಳ್ರಿ?”

ಸಿದ್ದಾರ್ಥ ಬಾಗಿಲಾಚೆಯ ಜಾಲಿಯನ್ನು ನೋಡಿದ. ಗೆರೆ ಎಳೆದಂತೆ ಕೆಳಭಾಗ ಬೋಳು. ದಿನಾ ನೋಡಿಯೂ ನೋಡಿರಲಿಲ್ಲ.

ತಿಂಗಳ ಕೊನೆಯ ದಿನ, ಅಲ್ಲಿಯವರೆಗೆ ಹಲಗೆಯತ್ತ ಸುಳಿಯದಿದ್ದ ಮುದಕಪ್ಪನನ್ನು ಕರೆತಂದರು. ಅವನು ಕಣ್ಣಿಗೆ ಚಾಳೀಸು ಏರಿಸಿ ಹಲಗೆಯ ಮೇಲೆ ಬಗ್ಗಿದ. ಒಂದೊಂದೇ ಗಿಡ ನೋಡಿದ. ಮನೀಷಾ ಸೆರಗಿನ ತುದಿ ಸುತ್ತುತ್ತ ನಿಂತಳು.

“ಯಾರ ಮಾಡ್ಯಾರ ಇವನ್ನ?”

“ನಾನರೀ ಯಜಮಾನರ,” ಎಂದಳು ಸತ್ಯವ್ವ.

“ಆಡಿನಾಕಿ ಮಾಡಿದ್ದು ಅಂತ ಗೊತ್ತಾತು ಬಿಡ. ಹೊಲದಾಗಿನ ಗಿಡಾ ಖರೆ ಅದಾವ. ಆದರ ಹಳಿ ಮಗ್ಗಲದಾವು ಯಾಕ ಬೋಳ ಅದಾವ? ಇದು ರೈಲ್ವೆ ಹದ್ದಿನ ಜಾಗಾ. ಮೂವತ್ತೊಂದ ವರ್ಷ ನನ್ನ ಹದ್ದಿನಾಗ ಒಂದ ಆಡ ಬಿಟ್ಟಿಲ್ಲ ನಾ!”

ಸಿದ್ದಾರ್ಥನ ಮುಖ ಬಾಡಿತು. ಸತ್ಯವ್ವ ನಕ್ಕಳು.

“ನೀವು ಬುತ್ತಿ ಬಿಚ್ಚಿ ಕುಂತಾಗರೀ?”

“ಅದೇನ ಮಾತು?”

“ಎಲ್ಲಿ ಕುಂತ ಉಣ್ಣತಿದ್ರಿ, ತೋರಸ್ರಿ.”

“ಇಲ್ಲೆ!” ಮುದಕಪ್ಪನ ಬೆರಳು ಸರಕ್ಕನೆ ಹಲಗೆಗೆ ಇಳಿಯಿತು. “ಈ ತಿರುವಿನಾಗ, ಬೇವಿನ ಬುಡಕ್ಕ. ಸುತ್ತಿಗಿ ಇಲ್ಲಿ ಆನಸತಿದ್ದೆ.”

ಸಿದ್ದಾರ್ಥ ಹತ್ತಿರ ಸರಿದ. ಅಪ್ಪನಿಗೆ ಅದು ಹಲಗೆ ಎಂಬುದೇ ಮರೆತಿತ್ತು.

“ಹಂಗಾದರ ತಿರುವಿನ ಆಚಿಕಡೆ ನಿಮಗ ಕಾಣತಿದ್ದಿಲ್ಲ. ನಮ್ಮಂಥವರ ಆಡು ಆಚಿಕಡೆ ಉಣ್ಣತಿದ್ವು,” ಎಂದಳು ಸತ್ಯವ್ವ.

“ಕಾಣದಿದ್ದರೇನಾತು, ಕೊರಳ ಗಂಟಿ ಕೇಳಸತಿತ್ತಲ್ಲ.”

“ಕೇಳಿದರೂ ಸುಮ್ಮ ಇದ್ರಿ?”

ಮುದಕಪ್ಪ ಚಾಳೀಸು ತೆಗೆದು ಒರೆಸಿಕೊಂಡ. “ನನ್ನ ರೊಟ್ಟಿ ಮುಗಿಯೂ ಮಟಾ ಅವೂ ಉಣ್ಣಲಿ ಅಂತ ಬಿಡತಿದ್ದೆ. ನಂದು ಮುಗೀತಂದ್ರ ಬೈಕೋತ ಎದ್ದು ಹೋಗತಿದ್ದೆ. ಹಂಗಂತ ಯಾರಿಗೂ ಹೇಳಿಲ್ಲ ಬೇ, ನೌಕರಿ ಹೋಗತಿತ್ತು.”

“ನಿಮ್ಮ ಬೈಗುಳಾ ನಮಗ ಗೊತ್ತಿತ್ತು ಬಿಡ್ರಿ. ದೊಡ್ಡ ಬಾಯಿ, ಸಣ್ಣ ಹೆಜ್ಜಿ!”

ಮುದಕಪ್ಪ ಹೊಟ್ಟೆ ಕುಣಿಯುವಂತೆ ನಕ್ಕ. ಆ ನಗೆಯನ್ನು ಆ ಮನೆ ಕೇಳಿ ವರ್ಷಗಳಾಗಿದ್ದವು.

“ಕೇಳಿಲ್ಲಿ ತಂಗಿ,” ಎಂದ. “ತಿರುವಿನ ಆಚಿಕಡೆ ಗಿಡಾ ಹಿಂಗ ಇರಲಿ. ಈಚಿಕಡೆವು ಮಾತ್ರ ಬುಡದ ಮಟಾ ಹಸರ ಇರಬೇಕು. ನನ್ನ ಕಣ್ಣಿಗೆ ಬೀಳೂ ಜಾಗಾ ಅದು.”

“ಖರೆ ಅಂದ್ರಿ. ಈಚಿಕಡೆ ಬರಾಕ ನಾವೂ ಅಂಜತಿದ್ವಿ,” ಎಂದು ಸತ್ಯವ್ವ ಒಪ್ಪಿಕೊಂಡು, ಅಲ್ಲೇ ನೆಲದ ಮೇಲೆ ಕೂತು ಮತ್ತೆ ಉಣ್ಣೆ ಹಿಂಜತೊಡಗಿದಳು.

ಮುದಕಪ್ಪ ಕುರ್ಚಿ ಎಳೆದು ಹಲಗೆಯ ಪಕ್ಕ ಕೂತ. ತಿರುವಿನಿಂದ ಬೆರಳು ಸರಿಸುತ್ತ ಹಳಿಗುಂಟ ನಡೆದು, ಒಂದು ಕಡೆ ನಿಲ್ಲಿಸಿ, ಮಗನ ಕಡೆ ಹುಬ್ಬೇರಿಸಿದ.

“ಲೇ ಸಿದ್ದ್ಯಾ, ನನ್ನ ಸೆಕ್ಷನ್‌ದಾಗ ಇಲ್ಲೊಂದು ಮೋರಿ ಇತ್ತು, ನೀರು ಹರಿಯೂ ಎರಡ ಕಣ್ಣಿಂದು. ಅದನ್ನ ಯಾಕ ಮಾಡಿಲ್ಲ?”

ಸಿದ್ದಾರ್ಥ ಪೆನ್ಸಿಲ್ ಹುಡುಕಲು ಒಳಗೆ ಓಡಿದ.